ತೀರದ ಮುಯ್ಯಿ

ಕನ್ನಡದ ಹಳೆಯ ಮಾತುಗಳಲ್ಲಿ ‘ಮುಯ್ಯಿ’ ಎಂಬುದು ಬಹು ಸ್ವಾರಸ್ಯವಾದುದು. ಮದುವೆಯ ಮನೆಯಲ್ಲಿ ಧಾರೆ ಮುಗಿದ ಮೇಲೆ ನೆಂಟರಿಷ್ಟರು ವಧೂವರರಿಗೆ ಕೊಡುವ ಉಡುಗೊರೆಗೆ ಮುಯ್ಯಿ ಎಂದು ಹೆಸರು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಕೂಲಿಯ ಮಾತಿಲ್ಲದೆ ದುಡಿಯುವವರು ಮುಯ್ಯಾಳುಗಳು. ಆದರೆ ಏಟಿಗೆ ಏಟು ಕೊಟ್ಟಾಗಲೂ, ಕೊಲೆಗೆ ಕೊಲೆ ಮಾಡಿದಾಗಲೂ ನಮ್ಮ ಜನ ಹೇಳುವುದು ‘ಮುಯ್ಯಿ ತೀರಿಸಿಕೊಂಡ’ ಎಂದೇ. ಪ್ರೀತಿಯ ಕೊಡುಕೊಳ್ಳುವಿಕೆಗೂ ಹಗೆಯ ಕೊಡುಕೊಳ್ಳುವಿಕೆಗೂ ಭಾಷೆ ಒಂದೇ ಶಬ್ದವನ್ನು ಏಕೆ ಉಳಿಸಿಕೊಂಡಿತು? ಇದು ಕೇವಲ ನಿಘಂಟುಕಾರನ ಕುತೂಹಲವಲ್ಲ. ಆಲೋಚಿಸಿದರೆ ಸೇಡಿನ ಸ್ವಭಾವವನ್ನೇ ಬಿಚ್ಚಿ ತೋರಿಸುವ ಪ್ರಶ್ನೆ.

ಮದುವೆಯ ಮುಯ್ಯಿಗೆ ಒಂದು ಕಟ್ಟಳೆಯಿದೆ. ಯಾರು ಏನು ಕೊಟ್ಟರೆಂಬುದನ್ನು ಮನೆಯವರು ಪಟ್ಟಿಯಲ್ಲಿ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಆ ಪಟ್ಟಿಯನ್ನು ನೋಡಿಕೊಂಡು, ಪಡೆದುದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಹಿಂದಿರುಗಿಸುತ್ತಾರೆ. ಸರಿಸಮನಾಗಿ ಕೊಟ್ಟು ಲೆಕ್ಕ ಚುಕ್ತಾ ಮಾಡುವುದು ಸಂಬಂಧವನ್ನು ಕಡಿದುಕೊಂಡ ಹಾಗೆ. ಆ ಸ್ವಲ್ಪ ಹೆಚ್ಚಿನ ಭಾಗ ಎದುರು ಮನೆಯ ಮೇಲೆ ಹೊಸ ಋಣವಾಗಿ ಕುಳಿತುಕೊಳ್ಳುತ್ತದೆ. ಅದರಿಂದಲೇ ಬಾಂಧವ್ಯ ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ. ಹಗೆಯ ಮುಯ್ಯಿಯ ಕಟ್ಟಳೆಯೂ ಇದೇ. ಅಲ್ಲಿಯೂ ಯಾರೂ ಸರಿಸಮನಾಗಿ ಕೊಡುವುದಿಲ್ಲ. ಬೈಗುಳಕ್ಕೆ ಏಟು, ಏಟಿಗೆ ಕತ್ತಿ, ಒಂದು ಹೆಣಕ್ಕೆ ಎರಡು ಹೆಣ. ಕೊಟ್ಟವನು ತೀರಿಸಿದೆನೆಂದು ಕೈತೊಳೆದುಕೊಳ್ಳುವ ಹೊತ್ತಿಗೆ ಪಡೆದವನ ಪಟ್ಟಿಯಲ್ಲಿ ಹೊಸ ಸಾಲು ಬರೆದಾಗಿರುತ್ತದೆ. ತೀರಿಸುವುದೆಂದು ಹೆಸರು, ಮಾಡುವುದು ಬೆಳೆಸುವ ಕೆಲಸ.

ಇವೆರಡಕ್ಕೂ ಇರುವ ಭೇದ ಒಂದೇ. ಉಡುಗೊರೆಯ ಮುಯ್ಯಿ ತಪ್ಪದೆ ಕೊಟ್ಟವರ ಮನೆಗೇ ಹೋಗಿ ಸೇರುತ್ತದೆ. ಹಗೆಯ ಮುಯ್ಯಿ ಸೇರಬೇಕಾದ ಮನೆಯನ್ನು ಸೇರುವುದು ಅಪರೂಪ. ದಾರಿಯಲ್ಲಿ ಸಿಕ್ಕಿದವನ ಮನೆಯಲ್ಲೇ ಅದು ಇಳಿದುಬಿಡುತ್ತದೆ. ಈ ಮಾತಿಗೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ತುಮಕೂರು ಜಿಲ್ಲೆಯ ಉತ್ತರದ ತುದಿಯೇ ಅದನ್ನು ಕಂಡಿದೆ.

ಮಧುಗಿರಿಯನ್ನು ದಾಟಿ ಪಾವಗಡದ ಕಡೆಗೆ ನಡೆದರೆ ನೆಲದ ಬಣ್ಣವೂ ಮಾತಿನ ಧಾಟಿಯೂ ಮೆಲ್ಲಮೆಲ್ಲನೆ ಬದಲಾಗುತ್ತವೆ. ಬಂಡೆಗಳ ಬೆಟ್ಟ, ಒಣಗಿದ ಕೆರೆ, ಹುಣಿಸೆಯ ನೆರಳು, ಶೇಂಗಾ ಬೆಳೆಯುವ ಕೆಂಪು ಹೊಲ. ರಾಯಚರ್ಲು, ಕ್ಯಾತಗಾನಚೆರ್ಲು ಮೊದಲಾದ ಊರುಗಳ ಹೆಸರಿನಲ್ಲಿಯೇ ತೆಲುಗಿನ ಉಲಿ ಕೇಳಿಸುತ್ತದೆ. ಪಾವಗಡ ತಾಲ್ಲೂಕನ್ನು ಬಹುಪಾಲು ಸುತ್ತುವರಿದಿರುವುದು ಆಂಧ್ರದ ನೆಲ. ಗಡಿಯ ಆಚೆಯ ಮಡಕಶಿರೆಯಲ್ಲಿ ಕನ್ನಡ, ಈಚೆಯ ಪಾವಗಡದಲ್ಲಿ ತೆಲುಗು. ಸಂತೆ ಒಂದು, ಜಾತ್ರೆ ಒಂದು, ನೆಂಟಸ್ತನವೂ ಒಂದು. ಇಂದು ಈ ಸೀಮೆಯ ಹೆಸರನ್ನು ಜನ ಕೇಳುವುದು ಸೂರ್ಯಶಕ್ತಿಯ ದೆಸೆಯಿಂದ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚರ್ಲು ಈ ಐದು ಊರುಗಳ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗೇಣಿಗೆ ಪಡೆದು, 2018ರಿಂದೀಚೆಗೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕು ಎದ್ದುನಿಂತಿದೆ. ಆದರೆ ಅದಕ್ಕೆ ಹದಿಮೂರು ವರ್ಷ ಮೊದಲು, 2005ರಲ್ಲಿ, ಇದೇ ಪಾವಗಡದ ಹೆಸರು ನಾಡಿನ ಕಿವಿಗೆ ಬಿದ್ದುದು ಬೇರೊಂದು ಕಾರಣದಿಂದ.

ಆ ವರ್ಷದ ಆರಂಭದಲ್ಲಿ, ಕೇವಲ ಹದಿನೇಳು ದಿನಗಳ ಅಂತರದಲ್ಲಿ, ಈ ಗಡಿಯ ಎರಡು ಪಕ್ಕಗಳಲ್ಲಿ ಸೇಡಿನ ಎರಡು ಘಟನೆಗಳು ನಡೆದವು. ಮೊದಲನೆಯದು ಅನಂತಪುರದಲ್ಲಿ. ಪೆನುಗೊಂಡೆಯ ಶಾಸಕರೂ ಮಾಜಿ ಮಂತ್ರಿಗಳೂ ಆಗಿದ್ದ ಪರಿಟಾಲ ರವಿಯವರನ್ನು 2005ರ ಜನವರಿ 24ರಂದು ಅವರ ಪಕ್ಷದ ಕಚೇರಿಯ ಬಳಿಯಲ್ಲಿಯೇ ಗುಂಡಿಟ್ಟು ಕೊಂದರು. ಎರಡನೆಯದು ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಫೆಬ್ರವರಿ 10ರ ರಾತ್ರಿ. ಒಂದು ಮನೆತನಗಳ ಹಗೆ, ಇನ್ನೊಂದು ಸಿದ್ಧಾಂತದ ಹೆಸರಿನ ಹಗೆ. ಒಂದಕ್ಕೂ ಇನ್ನೊಂದಕ್ಕೂ ನೇರ ಸಂಬಂಧವಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸೇಡು ಎಲ್ಲಿ ಹುಟ್ಟಿದರೂ ಒಂದೇ ಹಾದಿಯಲ್ಲಿ ನಡೆಯುತ್ತದೆಯೆಂಬುದು ಕಾಣುತ್ತದೆ.

ಅನಂತಪುರದ ಹಗೆಯ ಕಥೆ ರವಿಯವರಿಂದ ಆರಂಭವಾದುದಲ್ಲ. ಅವರ ತಂದೆ ಶ್ರೀರಾಮುಲು 1975ರಲ್ಲಿ ಕೊಲೆಯಾದರು. ಆಗ ರವಿ ಇನ್ನೂ ಹುಡುಗ. ಎದುರಾಳಿ ಮನೆತನದ ಗಂಗುಲ ನಾರಾಯಣ ರೆಡ್ಡಿ 1983ರಲ್ಲಿ ಕೊಲೆಯಾದರು. ಮುಂದಿನ ತಲೆಮಾರಿನಲ್ಲಿ ಪಟ್ಟಿ ಮತ್ತೂ ಬೆಳೆಯಿತು. 1993ರಲ್ಲಿ ಆ ಮನೆತನದ ಮದ್ದಲಚೆರುವು ಸೂರಿಯವರ ಮನೆಯಲ್ಲಿ ಟೆಲಿವಿಷನ್ ಪೆಟ್ಟಿಗೆಯೊಳಗೆ ಅಡಗಿಸಿದ್ದ ಬಾಂಬು ಸಿಡಿಯಿತು. ಸೂರಿ ಆ ವೇಳೆಯಲ್ಲಿ ಮನೆಯಲ್ಲಿರಲಿಲ್ಲ. ಸತ್ತವರು ಮನೆಯ ಮಂದಿ. 1997ರ ನವೆಂಬರ್ 19ರಂದು ಹೈದರಾಬಾದಿನ ಜುಬಿಲಿ ಹಿಲ್ಸ್ ಪ್ರದೇಶದಲ್ಲಿ ರವಿಯವರನ್ನು ಗುರಿಯಾಗಿಟ್ಟುಕೊಂಡು ಕಾರೊಂದರಲ್ಲಿ ಬಾಂಬು ಸಿಡಿಸಲಾಯಿತು. ರವಿ ಬದುಕಿ ಉಳಿದರು. ಸತ್ತವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಚಲನಚಿತ್ರವೊಂದರ ಸಮಾರಂಭದ ವರದಿಗೆಂದು ಬಂದಿದ್ದ ಟೆಲಿವಿಷನ್ ಸಂಸ್ಥೆಯ ಸಿಬ್ಬಂದಿ ಅವರಲ್ಲಿ ಸೇರಿದ್ದರು. ಅನಂತಪುರದ ಎರಡು ಮನೆಗಳ ಹಗೆಗೂ ಕ್ಯಾಮೆರಾ ಹಿಡಿದು ಅನ್ನ ಸಂಪಾದಿಸುತ್ತಿದ್ದ ಆ ಮಂದಿಗೂ ಏನು ಸಂಬಂಧ?

ರವಿಯವರ ಕೊಲೆಯಿಂದ ಲೆಕ್ಕ ಮುಗಿಯಿತೇ? ಇಲ್ಲ. ಅವರ ಸಾವಿನ ಸುದ್ದಿ ಹಬ್ಬಿದೊಡನೆ ಆಂಧ್ರದ ಹಲವೆಡೆ ಬಸ್ಸುಗಳು ಉರಿದವು. ಕೊಲೆಯ ಮುಖ್ಯ ಆರೋಪಿಗಳಲ್ಲಿ ಒಬ್ಬನು 2008ರಲ್ಲಿ ಅನಂತಪುರದ ಸೆರೆಮನೆಯೊಳಗೇ ಕೊಲೆಯಾದನು. ಸೂರಿಯವರು 2011ರ ಜನವರಿ 3ರಂದು ಹೈದರಾಬಾದಿನಲ್ಲಿ ಗುಂಡಿಗೆ ಬಲಿಯಾದರು. ಕೊಂದವನು ಎದುರಾಳಿ ಮನೆತನದವನಲ್ಲ, ಅವರ ಜೊತೆಯಲ್ಲಿಯೇ ಓಡಾಡುತ್ತಿದ್ದ ಆಪ್ತ. ಸೇಡನ್ನು ಉಸಿರಾಡಿ ಬದುಕುವವನ ಸುತ್ತ ಸೇರುವವರು ಕೊಲ್ಲುವುದನ್ನು ಕಲಿತವರು. ಕಲಿತ ವಿದ್ಯೆಯನ್ನು ಅವರು ಯಾರ ಮೇಲೆ ಪ್ರಯೋಗಿಸುವರೆಂಬುದಕ್ಕೆ ಹೊಣೆ ಯಾರು? 1975ರಿಂದ 2011ರವರೆಗೆ ಮೂವತ್ತಾರು ವರ್ಷ. ಹಾವಿನ ಹಗೆ ಹನ್ನೆರಡು ವರ್ಷವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನುಷ್ಯನ ಹಗೆ ಅದರ ಮೂರರಷ್ಟು ಕಾಲ ಬದುಕಿತು.

ಇನ್ನು ವೆಂಕಟಮ್ಮನಹಳ್ಳಿಯ ಸಂಗತಿ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಾಳಿಗೆಯ ಕಾಡಿನಲ್ಲಿ ಪೊಲೀಸರ ಗುಂಡಿಗೆ ಸಾಕೇತ್ ರಾಜನ್ ಎಂಬ ನಕ್ಸಲೀಯ ನಾಯಕ ಮತ್ತು ಅವರ ಸಂಗಾತಿಯೊಬ್ಬರು ಬಲಿಯಾದರು. ಸಾಕೇತ್ ರಾಜನ್ ವಿದ್ಯಾವಂತರು. ಕರ್ನಾಟಕದ ಜನಸಾಮಾನ್ಯರ ಇತಿಹಾಸವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ರಚಿಸಿದವರು. ಅವರ ಸಾವು ಮಾತುಕತೆಯ ಹಾದಿಯಲ್ಲಿ ನಂಬಿಕೆಯಿಟ್ಟಿದ್ದ ಅನೇಕರಿಗೂ ನೋವನ್ನು ಉಂಟುಮಾಡಿತ್ತು. ಇದಾದ ನಾಲ್ಕನೆಯ ದಿನದ ರಾತ್ರಿ, ಬಾಳಿಗೆಯ ಮಳೆಕಾಡಿಗೆ ಯಾವ ಸಂಬಂಧವೂ ಇಲ್ಲದ ಪಾವಗಡದ ಬಯಲಿನಲ್ಲಿ, ವೆಂಕಟಮ್ಮನಹಳ್ಳಿಯ ಶಾಲೆಯ ಕಟ್ಟಡದಲ್ಲಿ ಬೀಡುಬಿಟ್ಟಿದ್ದ ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯ ಶಿಬಿರದ ಮೇಲೆ ನಕ್ಸಲರ ದೊಡ್ಡ ಗುಂಪೊಂದು ಬಾಂಬು ಬಂದೂಕುಗಳೊಡನೆ ಎರಗಿತು. ಹಲವು ಪೊಲೀಸರು ಸತ್ತರು. ಅವರ ಜೊತೆಗೆ ಪೊಲೀಸನಲ್ಲದ ಒಬ್ಬ ನಾಗರಿಕನೂ ಸತ್ತನು. ಬಾಳಿಗೆಗೆ ಪಾವಗಡದಲ್ಲಿ ಮುಯ್ಯಿ ತೀರಿಸಲಾಗಿತ್ತು.

ಆ ಶಾಲೆಯಲ್ಲಿದ್ದವರು ಯಾರು? ಬಾಳಿಗೆಯ ಕಾಡಿನಲ್ಲಿ ಗುಂಡು ಹಾರಿಸಿದವರಲ್ಲ. ಹಾರಿಸೆಂದು ಆಜ್ಞೆ ಕೊಟ್ಟವರೂ ಅಲ್ಲ. ಹಳ್ಳಿಯ ರೈತರ, ಕೂಲಿಕಾರರ ಮನೆಗಳಿಂದ ಬಂದು, ತಿಂಗಳ ಸಂಬಳಕ್ಕಾಗಿ ಕಾಕಿ ತೊಟ್ಟು, ನಿಯೋಜಿಸಿದ ಕಡೆ ಹಾಸಿಗೆ ಬಿಚ್ಚುವವರೇ ಮೀಸಲು ಪಡೆಯಲ್ಲಿ ಹೆಚ್ಚಿನವರು. ಬಡವನ ಪರವಾಗಿ ಹೋರಾಡುತ್ತೇವೆಂದವರ ಸೇಡು ಬಡವನ ಮಗನ ಮೇಲೆಯೇ ಇಳಿಯಿತು. ಆ ನಾಗರಿಕನಂತೂ ಯಾವ ಪಕ್ಷದವನೂ ಅಲ್ಲ. ಆ ಇರುಳು ಅಲ್ಲಿದ್ದುದೇ ಅವನ ಅಪರಾಧ. ಮಕ್ಕಳು ಅಕ್ಷರ ಕಲಿಯುವ ಗೋಡೆಗಳ ನಡುವೆ ಆ ರಾತ್ರಿ ನಡೆದುದನ್ನು ಆ ಊರಿನ ಒಂದು ತಲೆಮಾರು ಮರೆಯಲಾರದು. ಅದರಿಂದ ಬಾಳಿಗೆಯಲ್ಲಿ ಸತ್ತವರು ಮರಳಿ ಬರಲಿಲ್ಲ. ಪಾವಗಡದ ಒಬ್ಬ ಬಡ ರೈತನಿಗೂ ಒಂದು ಗುಂಟೆ ನೆಲ ಸಿಗಲಿಲ್ಲ. ಸಿಕ್ಕಿದುದು ಮತ್ತಷ್ಟು ಪೊಲೀಸರು, ಮತ್ತಷ್ಟು ಮೊಕದ್ದಮೆಗಳು, ಹಳ್ಳಿಗರ ಬಾಯಿಗೆ ಬಿದ್ದ ಮತ್ತಷ್ಟು ಭಾರವಾದ ಬೀಗ.

ಭಾರತ ಕಥೆಯನ್ನು ಬಲ್ಲ ವಾಚಕರಿಗೆ ಈ ರಾತ್ರಿಯ ದಾಳಿ ಇನ್ನೊಂದು ರಾತ್ರಿಯನ್ನು ನೆನಪಿಗೆ ತರದೆ ಇರದು. ಹದಿನೆಂಟು ದಿನಗಳ ಯುದ್ಧ ಮುಗಿದಿದೆ. ತೊಡೆ ಮುರಿದ ದುರ್ಯೋಧನ ನೆಲದ ಮೇಲೆ ಬಿದ್ದಿದ್ದಾನೆ. ಅಶ್ವತ್ಥಾಮನ ಎದೆಯಲ್ಲಿ ಬೆಂಕಿ. ಆ ಬೆಂಕಿಗೆ ಕಾರಣವಿಲ್ಲವೆಂದು ಯಾರೂ ಹೇಳುವಂತಿಲ್ಲ. ಸುಳ್ಳಿನ ಮರೆಯಲ್ಲಿ ಶಸ್ತ್ರ ಕೆಳಗಿಡುವಂತೆ ಮಾಡಿ ಅವನ ತಂದೆಯನ್ನು ಕೊಂದರು. ಆಲದ ಮರದಡಿ ನಿದ್ದೆ ಬಾರದೆ ಹೊರಳುತ್ತಿದ್ದಾಗ, ಗೂಗೆಯೊಂದು ಮಲಗಿದ್ದ ಕಾಗೆಗಳ ಮೇಲೆರಗಿ ಕೊಲ್ಲುವುದನ್ನು ಅವನು ಕಂಡನು. ಅವನಿಗೆ ಗುರುವಾದುದು ಆ ಗೂಗೆ. ನಿದ್ರಿಸುವವರನ್ನು ಕೊಲ್ಲುವುದು ತರವಲ್ಲವೆಂದು ಸೋದರಮಾವನಾದ ಕೃಪ ಹೇಳಿದ ಬುದ್ಧಿಮಾತು ನಾಟಲಿಲ್ಲ. ನಡುರಾತ್ರಿಯಲ್ಲಿ ಪಾಂಡವರ ಶಿಬಿರವನ್ನು ಹೊಕ್ಕನು. ತಂದೆಯನ್ನು ಕೊಂದ ಧೃಷ್ಟದ್ಯುಮ್ನ ಕೈಗೆ ಸಿಕ್ಕಿದನು. ಸೇಡಿಗೆ ತಾನು ಹಾಕಿಕೊಂಡ ಲೆಕ್ಕದ ಪ್ರಕಾರವೇ ನೋಡಿದರೂ ಅಲ್ಲಿಗೆ ಕೆಲಸ ಮುಗಿದಿತ್ತು, ಹಿಂದಿರುಗಬಹುದಾಗಿತ್ತು. ಹಿಂದಿರುಗಲಿಲ್ಲ. ಪಾಂಡವರು ಶಿಬಿರದಲ್ಲಿ ಇರಲಿಲ್ಲ; ಇದ್ದವರು ದ್ರೌಪದಿಯ ಐವರು ಮಕ್ಕಳು. ಕತ್ತಿ ಅವರ ಕೊರಳನ್ನು ಹುಡುಕಿಕೊಂಡಿತು.

ಆ ತಲೆಗಳನ್ನು ಪಾಂಡವರವೆಂದು ತಂದು ಒಪ್ಪಿಸಿದಾಗ ದುರ್ಯೋಧನನೇ ಇವು ಮಕ್ಕಳ ತಲೆಗಳೆಂದು ಗುರುತಿಸಿ ಮರುಗಿದನೆಂಬ ಕಥೆಯನ್ನು ನಮ್ಮ ಕನ್ನಡ ಭಾರತದ ಪರಂಪರೆ ಬಹು ಪ್ರೀತಿಯಿಂದ ಉಳಿಸಿಕೊಂಡು ಬಂದಿದೆ. ಹಗೆಯ ಮೂರ್ತಿಯೇ ಎನಿಸಿದ ದುರ್ಯೋಧನ ಕೂಡ ಕೊನೆಯ ಗಳಿಗೆಯಲ್ಲಿ ವಿಳಾಸ ತಪ್ಪಿದುದನ್ನು ಕಂಡುಕೊಂಡನು. ಕಾಣಲಾರದೆ ಹೋದವನು ಅಶ್ವತ್ಥಾಮ. ಅಷ್ಟಕ್ಕೂ ತೃಪ್ತನಾಗದೆ ಉತ್ತರೆಯ ಗರ್ಭದ ಮೇಲೆ ಅಸ್ತ್ರವನ್ನು ಬಿಟ್ಟನು. ತಂದೆಯ ಸಾವಿನ ನ್ಯಾಯವಾದ ದುಃಖದಿಂದ ಹೊರಟವನು ಇನ್ನೂ ಹುಟ್ಟದ ಕೂಸಿನ ಮೇಲೆ ಆಯುಧವೆತ್ತುವವರೆಗೆ ನಡೆದುಬಂದನು. ಅವನಿಗೆ ದೊರೆತ ಶಿಕ್ಷೆ ಮರಣವಲ್ಲ. ಹಣೆಯ ಮಣಿಯನ್ನು ಕಳೆದುಕೊಂಡು, ಮಾಯದ ಗಾಯವನ್ನು ಹೊತ್ತು, ಯಾರೊಡನೆಯೂ ಮಾತಿಲ್ಲದೆ ಸಾವಿರಾರು ವರ್ಷ ಅಲೆಯುವುದು. ಸೇಡನ್ನೇ ಬದುಕಿನ ಏಕಮಾತ್ರ ಉದ್ದೇಶವನ್ನಾಗಿ ಮಾಡಿಕೊಂಡವನ ಮನಸ್ಸಿನ ಚಿತ್ರ ಇದಕ್ಕಿಂತ ನಿಖರವಾಗಿ ಇನ್ನೆಲ್ಲಿ ಸಿಕ್ಕೀತು? ಗಾಯ ಮಾಯಬಾರದೆಂದು ಅವನೇ ಅದನ್ನು ಕೆರೆಯುತ್ತಾನೆ. ಮಾಯ್ದರೆ ಅವನಿಗೆ ಬೇರೆ ಗುರುತೇ ಉಳಿಯುವುದಿಲ್ಲ.

ವ್ಯಕ್ತಿಗೆ ಆಗುವ ಹಾನಿ ಇದಾಯಿತು. ಸಮುದಾಯಕ್ಕೆ ಆಗುವ ಹಾನಿ ಇದಕ್ಕಿಂತ ಸದ್ದಿಲ್ಲದ್ದು, ಇದಕ್ಕಿಂತ ಆಳವಾದುದು. ಹಗೆ ಹೊಕ್ಕ ಊರಿನಲ್ಲಿ ಮೊದಲು ಸಾಯುವುದು ಮಾತು. ಕಂಡವನು ಕಂಡೆನೆನ್ನುವುದಿಲ್ಲ, ಕೇಳಿದವನು ಕೇಳಿದೆನೆನ್ನುವುದಿಲ್ಲ. ಬಾವಿಕಟ್ಟೆಯ ಮೇಲೆ, ಕಣದ ಮಗ್ಗುಲಲ್ಲಿ, ಚಹದ ಅಂಗಡಿಯ ಬೆಂಚಿನ ಮೇಲೆ ಜನ ಕೂಡುವುದು ಕಡಿಮೆಯಾಗುತ್ತದೆ. ಇವನು ಯಾರ ಕಡೆಯವನೆಂಬ ಪ್ರಶ್ನೆಯೊಂದನ್ನುಳಿದು ಬೇರೆ ಪ್ರಶ್ನೆಗಳಿಗೆ ಬೆಲೆಯಿರುವುದಿಲ್ಲ. ಮುಯ್ಯಾಳು ಪದ್ಧತಿ ಅಂಥ ಊರಿನಲ್ಲಿ ನಿಲ್ಲದು. ಒಂದು ಬಗೆಯ ಮುಯ್ಯಿ ಇನ್ನೊಂದು ಬಗೆಯ ಮುಯ್ಯಿಯನ್ನು ನುಂಗಿಬಿಡುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಸೇಡು ಎಂಬ ಹೆಸರು ಎಲ್ಲ ಸಂದರ್ಭಗಳಲ್ಲಿಯೂ ನಿಜವಾದ ಹೆಸರಾಗಿರುವುದಿಲ್ಲ. ಕೋಲಾರ ಜಿಲ್ಲೆಯ, ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯನ್ನು ನೆನೆಯಬೇಕು. ಅದೂ ಕನ್ನಡ ತೆಲುಗುಗಳು ಕಲೆಯುವ ಗಡಿಸೀಮೆಯ ಊರೇ. 2000ದ ಮಾರ್ಚ್ 11ರಂದು, ಪ್ರಬಲ ಜಾತಿಯ ವ್ಯಕ್ತಿಯೊಬ್ಬನ ಕೊಲೆಯ ಬೆನ್ನಿಗೆ, ಅಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಟ್ಟರು. ಕೊಲೆಗೆ ಪ್ರತಿಯಾಗಿ ನಡೆದುದೆಂದು ಇದನ್ನು ಸೇಡಿನ ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗುವುದು ಸುಲಭ. ಆದರೆ ಒಂದು ಕಡೆಗೆ ಭೂಮಿ, ಬಲ, ಜಾತಿಯ ಅಹಂಕಾರ. ಇನ್ನೊಂದು ಕಡೆಗೆ ಕೇರಿಯ ಗುಡಿಸಲು. ಬಲಿಷ್ಠನು ದುರ್ಬಲನ ಮೇಲೆ ತೀರಿಸಿಕೊಳ್ಳುವ ‘ಸೇಡು’ ಹಗೆಯ ವೇಷ ತೊಟ್ಟ ದಬ್ಬಾಳಿಕೆ. ಅವನ ಸಿಟ್ಟು ಒಬ್ಬ ಕೊಲೆಗಾರನನ್ನು ಹುಡುಕುವುದಿಲ್ಲ; ಇಡೀ ಕೇರಿಯನ್ನೇ ಕೊಲೆಗಾರನೆಂದು ಎಣಿಸುತ್ತದೆ. ವಿಳಾಸ ತಪ್ಪುವುದು ಇಲ್ಲಿ ಆಕಸ್ಮಿಕವಲ್ಲ, ಉದ್ದೇಶಪೂರ್ವಕ.

ಕಂಬಾಲಪಲ್ಲಿಯ ಪ್ರಕರಣ ನ್ಯಾಯಾಲಯಕ್ಕೆ ಬಂತು. ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು. 2006ರಲ್ಲಿ ವಿಚಾರಣೆ ನಡೆಸಿದ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಏಳು ಮಂದಿ ಬೆಂದುಹೋದರು. ಕಾನೂನಿನ ಕಣ್ಣಿನಲ್ಲಿ ಬೇಯಿಸಿದವರು ಯಾರೂ ಇಲ್ಲ. ಬಾಯಿಗೆ ಬಿದ್ದ ಬೀಗವೆಂದರೆ ಇದು.

ಇದನ್ನು ಓದಿದ ವಾಚಕನೊಬ್ಬನು ಇಲ್ಲಿ ನಮ್ಮನ್ನು ತಡೆದು ಕೇಳಬಹುದು: ನ್ಯಾಯಾಲಯದ ಬಾಗಿಲಲ್ಲಿ ಹದಿನಾಲ್ಕು ವರ್ಷ ನಿಂತು ಬರಿಗೈಯಲ್ಲಿ ಹಿಂದಿರುಗುವವನಿಗೆ ಸೇಡು ಕೆಟ್ಟದ್ದೆಂದು ಬೋಧಿಸುವ ಹಕ್ಕು ನಿಮಗೆಲ್ಲಿದೆ? ಹೊಟ್ಟೆ ತುಂಬಿದವನ ಕ್ಷಮೆಯ ಉಪದೇಶ ಹಸಿದವನಿಗೆ ಅಪಮಾನವಲ್ಲವೆ? ಈ ಆಕ್ಷೇಪ ಸಾಧುವಾದುದು. ಇದನ್ನು ಎದುರಿಸದೆ ಬರೆದ ಯಾವ ನೀತಿಪಾಠವೂ ಟೊಳ್ಳು. ಸಿಟ್ಟು ಪಾಪವಲ್ಲ. ಅನ್ಯಾಯವನ್ನು ಕಂಡು ಸಿಟ್ಟಾಗದ ಸಮಾಜ ಸತ್ತ ಸಮಾಜ. ಮರೆತುಬಿಡಿ ಎಂದು ಕೇಳುವುದೂ ತರವಲ್ಲ. ಮರೆವು ಯಾವಾಗಲೂ ಹೊಡೆದವನಿಗೇ ಅನುಕೂಲ. ಪ್ರಶ್ನೆಯಿರುವುದು ಆ ಸಿಟ್ಟನ್ನು ಯಾವ ಕೈಗೆ ಒಪ್ಪಿಸಬೇಕೆಂಬುದರಲ್ಲಿ.

ನ್ಯಾಯಕ್ಕೂ ಸೇಡಿಗೂ ಇರುವ ಅಂತರ ಶಿಕ್ಷೆಯ ಉಗ್ರತೆಯಲ್ಲಿ ಇಲ್ಲ. ನ್ಯಾಯವು ಮೊದಲು ಹೆಸರನ್ನು ಕೇಳುತ್ತದೆ: ಮಾಡಿದವನು ಯಾರು? ಸೇಡು ಕೇಳುವುದು ಗುಂಪನ್ನು: ಅವನು ಯಾರ ಕಡೆಯವನು? ನ್ಯಾಯವು ಆರೋಪಿಗೆ ಬಾಯಿ ಕೊಡುತ್ತದೆ. ಸೇಡು ಅವನು ಮಲಗುವವರೆಗೆ ಕಾಯುತ್ತದೆ. ನ್ಯಾಯವು ಒಂದು ಕಡೆ ನಿಲ್ಲುತ್ತದೆ, ಇಷ್ಟು ಸಾಕು ಎನ್ನುತ್ತದೆ. ಸೇಡಿಗೆ ಸಾಕು ಎಂಬ ಮಾತು ಗೊತ್ತಿಲ್ಲ. ಇದೇ ಅಳತೆಗೋಲು ಸರ್ಕಾರಕ್ಕೂ ಸಲ್ಲಬೇಕು. ಪೊಲೀಸರ ಕೈಯಲ್ಲಿ ಬಂದೂಕು ಇರುವುದು ಕಾನೂನಿನ ಪರವಾಗಿಯೇ ಹೊರತು ಸತ್ತ ಸಂಗಾತಿಗಳ ಪರವಾಗಿ ಮುಯ್ಯಿ ತೀರಿಸಲು ಅಲ್ಲ. ಪೊಲೀಸ್ ಗುಂಡಿಗೆ ಬಲಿಯಾದ ಪ್ರತಿಯೊಂದು ಸಂದರ್ಭದಲ್ಲಿಯೂ ಸ್ವತಂತ್ರವಾದ ತನಿಖೆಯೂ ದಂಡಾಧಿಕಾರಿಯ ವಿಚಾರಣೆಯೂ ನಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರ ಸೆಪ್ಟೆಂಬರಿನಲ್ಲಿ ವಿಧಿಸಿದುದರ ತಿರುಳು ಇದೇ. ರಾಜ್ಯವು ಸೇಡಿನ ಭಾಷೆಯನ್ನು ಆಡತೊಡಗಿದರೆ ಪ್ರಜೆಗೆ ಬೇರೆ ಭಾಷೆಯನ್ನು ಕಲಿಸುವವರು ಯಾರು? ನ್ಯಾಯ ತಡವಾದಷ್ಟೂ, ಸಾಕ್ಷಿಗಳಿಗೆ ರಕ್ಷಣೆಯಿಲ್ಲದಷ್ಟೂ, ಸೇಡಿಗೆ ನೆಪ ಹೆಚ್ಚುತ್ತದೆ. ಆದುದರಿಂದ ಸೇಡನ್ನು ನಿಂದಿಸುವವರಿಗೆ ನ್ಯಾಯಾಲಯಗಳನ್ನು ಸರಿಪಡಿಸುವ ಹೊಣೆಯೂ ಇದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದು ಅರ್ಧ ಸತ್ಯ.

ಹಾಗಾದರೆ ಈ ಸರಪಳಿ ಎಂದಾದರೂ ಕಡಿಯುವುದುಂಟೆ? ಕನ್ನಡದ ಜೈನ ಕವಿಗಳು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡರು. ಹದಿಮೂರನೆಯ ಶತಮಾನದ ಪಾರ್ಶ್ವಪಂಡಿತನು ಕನ್ನಡದಲ್ಲಿ ಪುರಾಣವಾಗಿ ಬರೆದ ಪಾರ್ಶ್ವನಾಥನ ಚರಿತ್ರೆಯಲ್ಲಿ ಕಮಠ, ಮರುಭೂತಿ ಎಂಬ ಅಣ್ಣತಮ್ಮಂದಿರು ಬರುತ್ತಾರೆ. ತಪ್ಪು ಮಾಡಿದವನು ಅಣ್ಣನಾದ ಕಮಠ. ಆದರೂ ಕ್ಷಮೆ ಕೇಳಲು ಹೋದವನು ತಮ್ಮ. ಬಾಗಿದ ತಮ್ಮನ ತಲೆಯ ಮೇಲೆ ಅಣ್ಣ ಬಂಡೆಯನ್ನು ಹಾಕಿದನು. ಆ ಹಗೆ ಜನ್ಮದಿಂದ ಜನ್ಮಕ್ಕೆ ಹಿಂಬಾಲಿಸುತ್ತದೆ. ಒಬ್ಬನು ಆನೆಯಾಗಿ ಹುಟ್ಟಿದರೆ ಇನ್ನೊಬ್ಬನು ಹಾವಾಗಿ ಬಂದು ಕಚ್ಚುತ್ತಾನೆ. ಕೊನೆಗೆ ಮರುಭೂತಿಯ ಜೀವ ಪಾರ್ಶ್ವನಾಥನಾಗಿ ತಪಸ್ಸಿಗೆ ನಿಂತಾಗ ಕಮಠನ ಜೀವ ಬಿರುಮಳೆಯನ್ನು ಸುರಿಸುತ್ತದೆ. ಧರಣೇಂದ್ರ ಪದ್ಮಾವತಿಯರು ಬಂದು ಹೆಡೆಯನ್ನು ಕೊಡೆಯಾಗಿ ಹಿಡಿಯುತ್ತಾರೆ. ಮಳೆ ಸುರಿಸಿದವನ ಮೇಲೆ ಪಾರ್ಶ್ವನಿಗೆ ದ್ವೇಷ ಹುಟ್ಟಲಿಲ್ಲ. ಅಲ್ಲಿಗೆ ಹಗೆಗೆ ಹಿಡಿಯಲು ತುದಿಯಿಲ್ಲದೆ ಹೋಯಿತು. ಹಗ್ಗವನ್ನು ಎರಡು ಕಡೆಯಿಂದ ಎಳೆದರೆ ಮಾತ್ರ ಬಿಗಿಯಾಗಿರುತ್ತದೆ. ಒಂದು ಕೈ ಸಡಿಲಿಸಿದರೆ ಸಾಕು. ಮೊದಲು ಸಡಿಲಿಸುವ ಕೈ ಅಂಜುಬುರುಕನದಲ್ಲ, ಆ ಕೈಯೇ ಹೆಚ್ಚು ಗಟ್ಟಿ ಎಂಬುದನ್ನು ಹೊಂಬುಜದ ಪದ್ಮಾವತಿಗೆ ಇಂದಿಗೂ ನಡೆದುಕೊಳ್ಳುವ ಕನ್ನಡನಾಡು ಮರೆಯಬಾರದು.

ಭಾಗವತದಲ್ಲಿಯೂ ಅಂಥದೇ ಒಂದು ಕೈಯಿದೆ. ಐವರು ಮಕ್ಕಳನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡ ದ್ರೌಪದಿಯ ಮುಂದೆ ಅರ್ಜುನನು ಅಶ್ವತ್ಥಾಮನನ್ನು ಕಟ್ಟಿ ತಂದು ನಿಲ್ಲಿಸುತ್ತಾನೆ. ಬಿಟ್ಟುಬಿಡಿ ಎನ್ನುತ್ತಾಳೆ ಆಕೆ. ಅವನ ತಾಯಿ ಕೃಪಿ ಇನ್ನೂ ಬದುಕಿದ್ದಾಳೆ. ನಾನು ಅಳುವಂತೆ ಅವಳೂ ಅಳುವುದು ಬೇಡ ಎಂಬುದು ಅವಳ ವಾದ. ಸೇಡಿನ ಪಟ್ಟಿಯಲ್ಲಿ ಎಂದೂ ಬರೆಯದ ಹೆಸರನ್ನು, ಎದುರು ಮನೆಯ ತಾಯಿಯ ಹೆಸರನ್ನು, ದ್ರೌಪದಿ ನೆನೆದಳು. ಪುತ್ರಶೋಕದ ಅರ್ಥವನ್ನು ಬಲ್ಲವಳು ಅವಳು. ಬಲ್ಲವರು ಆಡಿದ ಮಾತಿಗೆ ಉಪದೇಶದ ಟೊಳ್ಳುತನವಿಲ್ಲ.

ಇವೆಲ್ಲ ಪುರಾಣದ ಮಾತು, ನಡೆಯುವ ಲೋಕದಲ್ಲಿ ಆಗುವುದಲ್ಲ ಎನ್ನುವವರು ಯುರೋಪಿನ ಕೊಸೊವೊದ ಕಡೆಗೆ ನೋಡಬಹುದು. ಅಲ್ಲಿನ ಅಲ್ಬೇನಿಯ ಜನರಲ್ಲಿ ರಕ್ತಕ್ಕೆ ರಕ್ತ ಎಂಬ ಕಟ್ಟಳೆ ಶತಮಾನಗಳಿಂದ ನಡೆದುಬಂದಿತ್ತು. ಕೊಲೆಯಾದ ಮನೆಯವರು ಕೊಂದ ಮನೆಯ ಗಂಡಸೊಬ್ಬನನ್ನು ಕೊಲ್ಲದಿದ್ದರೆ ಅದು ಮಾನಹಾನಿ. ಎಷ್ಟೋ ಮನೆಗಳ ಗಂಡಸರು ಹೊರಗೆ ಕಾಲಿಡಲಾರದೆ ವರ್ಷಗಟ್ಟಲೆ ಗೋಡೆಯೊಳಗೆ ಬದುಕುತ್ತಿದ್ದರು. 1990ರಲ್ಲಿ ಆಂಟನ್ ಚೆಟ್ಟಾ ಎಂಬ ಜಾನಪದ ವಿದ್ವಾಂಸರು ವಿದ್ಯಾರ್ಥಿಗಳ ತಂಡದೊಡನೆ ಹಳ್ಳಿಹಳ್ಳಿಗೆ ಹೊರಟರು. ಹಳ್ಳಿಗರ ಹಾಡನ್ನೂ ಗಾದೆಯನ್ನೂ ಸಂಗ್ರಹಿಸುತ್ತ ಬಾಳನ್ನು ಕಳೆದವರು ಅವರು. ಆ ಜನದ ಮಾನದ ಭಾಷೆ ಅವರಿಗೆ ಗೊತ್ತಿತ್ತು. ಸೇಡನ್ನು ಬಿಡುವುದು ಮಾನಹಾನಿಯಲ್ಲ, ಅದಕ್ಕಿಂತ ದೊಡ್ಡ ಮಾನ ಎಂದು ಅದೇ ಭಾಷೆಯಲ್ಲಿ ತಿಳಿಸಿದರು. ಆ ವರ್ಷದ ಮೇ 1ರಂದು ಬಯಲೊಂದರಲ್ಲಿ ನೆರೆದ ಲಕ್ಷಗಟ್ಟಲೆ ಜನರ ಎದುರಿನಲ್ಲಿ ಹಗೆಯ ಮನೆತನಗಳು ಒಂದರ ಕೈಯನ್ನು ಇನ್ನೊಂದು ಹಿಡಿದವು. ಒಟ್ಟಿನಲ್ಲಿ ನೂರಾರು ಹಗೆಗಳು ಆ ಚಳವಳಿಯಲ್ಲಿ ಬಗೆಹರಿದವು. ಅಧ್ಯಾಪಕರಾದ ನಮ್ಮಂಥವರಿಗೆ ಈ ಪ್ರಸಂಗದಲ್ಲಿ ಹುರುಪೂ ಇದೆ, ನಾಚಿಕೆಯೂ ಇದೆ.

ನಮ್ಮ ನಾಡಿನಲ್ಲಿಯೂ ಇಂಥ ಹೆಜ್ಜೆಯ ಸದ್ದು ಕೇಳಿಸಿಲ್ಲವೆಂದಲ್ಲ. ಬಾಳಿಗೆ, ವೆಂಕಟಮ್ಮನಹಳ್ಳಿಗಳ ನಂತರವೂ ಮಲ್ನಾಡಿನ ಕಾಡುಗಳಲ್ಲಿ ಗುಂಡಿನ ಸದ್ದು ಇಪ್ಪತ್ತು ವರ್ಷ ನಿಲ್ಲಲಿಲ್ಲ. 2024ರ ನವೆಂಬರಿನಲ್ಲಿ ಉಡುಪಿ ಜಿಲ್ಲೆಯ ಹೆಬ್ರಿ ತಾಲ್ಲೂಕಿನಲ್ಲಿ ನಕ್ಸಲೀಯ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದಾಗ ಹಳೆಯ ಪಟ್ಟಿ ಮತ್ತೆ ತೆರೆಯುವುದೆಂದು ಅಂಜಿದವರುಂಟು. ಹಾಗಾಗಲಿಲ್ಲ. ಕೆಲವು ನಾಗರಿಕರು ನಡುವೆ ನಿಂತು ಮಾತಾಡಿದರು, ಸರ್ಕಾರವೂ ಕಿವಿಗೊಟ್ಟಿತು. 2025ರ ಜನವರಿ 8ರಂದು ಉಳಿದ ಸಂಗಾತಿಗಳಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರಿಗೆ ಬಂದು ಶರಣಾದರು. ಅವರ ಮೇಲಿನ ಮೊಕದ್ದಮೆಗಳು ನ್ಯಾಯಾಲಯದಲ್ಲಿ ನಡೆಯಬೇಕಾದುವೇ. ವೆಂಕಟಮ್ಮನಹಳ್ಳಿಯಲ್ಲಿ ಸತ್ತವರ ಮನೆಯವರಿಗೂ, ಕಾಡಿನಂಚಿನ ಆದಿವಾಸಿಯ ಭೂಮಿಯ ಪ್ರಶ್ನೆಗೂ ಉತ್ತರ ಸಿಗಬೇಕಾದುದೇ. ಆದರೂ 2005ರಲ್ಲಿ ನಾಲ್ಕು ದಿನದಲ್ಲಿ ನಡೆದುದು 2025ರಲ್ಲಿ ನಡೆಯಲಿಲ್ಲ. ನಾಲ್ಕು ದಿನ ತಾಳಿದರೆ ನಲವತ್ತು ದಿನ ತಾಳಬಹುದು. ನಲವತ್ತು ದಿನ ತಾಳಿದರೆ ಮಾತಿಗೆ ಎಡೆಯಾಗುತ್ತದೆ.

ಗಡಿಸೀಮೆಯ ಹಳ್ಳಿಗಳಿಂದ ನಮ್ಮ ಕಾಲೇಜುಗಳಿಗೆ ಬರುವ ಹುಡುಗರು ಭೀಮನ ಪ್ರತಿಜ್ಞೆಯ ಭಾಗವನ್ನು ಓದುವಾಗ ಅವರ ಕಣ್ಣು ಹೊಳೆಯುವುದುಂಟು. ಹೊಳೆಯಲಿ, ಕಾವ್ಯದ ವೀರ ರೌದ್ರಗಳು ಇರುವುದು ಅದಕ್ಕಾಗಿಯೇ. ಆದರೆ ಪಾಠ ಅಲ್ಲಿಗೆ ನಿಲ್ಲಬಾರದು. ತೊಡೆ ಮುರಿದ ಸಂಜೆಯ ನಂತರ ಬಂದ ರಾತ್ರಿಯನ್ನೂ ಅವರಿಗೆ ಓದಿ ಹೇಳಬೇಕು. ಆ ರಾತ್ರಿ ಶಿಬಿರದಲ್ಲಿ ಮಲಗಿದ್ದವರು ಯಾರೆಂಬುದನ್ನು ತಿಳಿಸಬೇಕು.

ಮುಯ್ಯಿ ಎಂಬ ಮಾತು ನಮ್ಮ ಭಾಷೆಯಿಂದ ಹೋಗುವುದು ಬೇಡ. ಪಡೆದುದಕ್ಕೆ ಪ್ರತಿಯಾಗಿ ಕೊಡಬೇಕೆಂಬ ಹಂಬಲ ಮನುಷ್ಯನ ಹುಟ್ಟುಗುಣ; ಅದನ್ನು ಕಿತ್ತುಹಾಕಲಾಗದು, ಕಿತ್ತುಹಾಕಬೇಕಾಗಿಯೂ ಇಲ್ಲ. ಎರಡು ಪಟ್ಟಿಗಳಲ್ಲಿ ಯಾವುದನ್ನು ಮಕ್ಕಳ ಕೈಗೆ ಕೊಟ್ಟು ಹೋಗುತ್ತೇವೆಂಬುದನ್ನು ಮಾತ್ರ ನಾವು ಆರಿಸಿಕೊಳ್ಳಬಹುದು. ಮದುವೆಯ ಪಟ್ಟಿ ಕೈಯಲ್ಲಿದ್ದರೆ ಮಗ ಅದನ್ನು ಹಿಡಿದು ಎದುರು ಮನೆಯ ಬಾಗಿಲನ್ನು ಹಗಲಿನಲ್ಲಿ ತಟ್ಟುತ್ತಾನೆ.